ಸೋರಿದ ಮಾರ್ಗ: ಇತರೆ

ಬೆಳಿಗ್ಗೆ ಒಂಬತ್ತೂವರೆಗೆಲ್ಲ ಪರದೆಯ ಮೇಲೆ ನಾನೂರ ಹನ್ನೆರಡು ಕೆಂಪು ಸಾಲುಗಳು ಬಂದು ಕೂತಿದ್ದವು. ಅವನಿಗೆ ಒಂದರ ಮೇಲೂ ಮನಸ್ಸು ನಿಲ್ಲಲಿಲ್ಲ. ಆಸ್ಪತ್ರೆಯಿಂದ ಹೊರಗೆ ಹೋಗುವ ಇಮೇಲು, ಫೈಲು, ಚಿತ್ರ ಎಲ್ಲವೂ ನೆಲಮಾಳಿಗೆಯ ಯಂತ್ರವೊಂದನ್ನು ಹಾದೇ ಹೋಗಬೇಕು. ರೋಗಿಯ ಹತ್ತಂಕಿಯ ಸಂಖ್ಯೆಯೋ ಕಾಯಿಲೆಯ ಹೆಸರೋ ಪರೀಕ್ಷೆಯ ವರದಿಯೋ ಕಣ್ಣಿಗೆ ಬಿದ್ದರೆ ಯಂತ್ರ ಅದನ್ನು ತಡೆದು ನಿಲ್ಲಿಸಿ ಅವನಿಗೊಂದು ಕೆಂಪು ಸಾಲು ಕಳಿಸುತ್ತದೆ. ಅವನು ತೆರೆದು ಓದಿ, ಬಿಡಬಹುದಾದದ್ದನ್ನು ಬಿಟ್ಟು, ಬಿಡಬಾರದ್ದನ್ನು ಮೇಲಿನವರಿಗೆ ಒಪ್ಪಿಸಬೇಕು. ಏಳು ವರ್ಷದಿಂದ ಇದೇ ಕೆಲಸ. ಇವತ್ತು ಮಂಗಳವಾರವಾದ್ದರಿಂದ ಆ ನಾನೂರರಲ್ಲಿ ಮುನ್ನೂರು ಬರೀ ಹೊದಿಕೆಗಳು; ಬಟ್ಟೆ ಒಗೆಯುವ ವಿಭಾಗದವರು ತಮ್ಮ ಹೊದಿಕೆಗಳಿಗೂ ಹತ್ತಂಕಿಯ ಸಂಖ್ಯೆಯನ್ನೇ ಕೊಟ್ಟುಕೊಂಡಿದ್ದರಿಂದ ವಾರಕ್ಕೊಮ್ಮೆ ಅವು ರೋಗಿಗಳ ವೇಷ ತೊಟ್ಟು ಸಾಲಾಗಿ ಬಂದು ನಿಲ್ಲುತ್ತಿದ್ದವು. ನಿಯಮ ಸಡಿಲಿಸಿದರೆ ನಿಜವಾದ ರೋಗಿಯೊಬ್ಬ ಹೊದಿಕೆಗಳ ನಡುವೆ ಜಾರಿಕೊಂಡಾನು, ಬಿಗಿ ಮಾಡಿದರೆ ದಿಂಬುಗಳೂ ಸಿಕ್ಕಿಬಿದ್ದಾವು. ಹಾಗಾಗಿ ಅವನು ಪ್ರತಿ ಮಂಗಳವಾರವೂ ಮುನ್ನೂರು ಹೊದಿಕೆಗಳನ್ನು ಒಂದೊಂದಾಗಿ ಮಾತಾಡಿಸಿ ಕಳಿಸುತ್ತಿದ್ದ. ಇವತ್ತು ಮಾತ್ರ ನಲವತ್ತನೆಯದಕ್ಕೇ ಕೈ ನಿಂತಿತು. ಹನ್ನೊಂದು ಗಂಟೆಗೆ ಅಕ್ಕ ಮಂಡಿಯ ವ್ಯಾಯಾಮಕ್ಕೆಂದು ಇದೇ ಆಸ್ಪತ್ರೆಗೆ ಬರುವವಳಿದ್ದಳು. ವಾರಕ್ಕೆರಡು ಸಲ ಬರುವವಳು ಇವತ್ತೂ ಬರುತ್ತಾಳೆ, ಅದರಲ್ಲಿ ದಿಗಿಲು ಬೀಳುವಂಥದ್ದೇನು ಎಂದು ತನಗೆ ತಾನೇ ಕೇಳಿಕೊಂಡ. ಉತ್ತರ ಗೊತ್ತಿದ್ದುದರಿಂದಲೇ ಇನ್ನಷ್ಟು ದಿಗಿಲಾಯಿತು.

ದಿಗಿಲಿಗೆ ಕಾರಣ ನಿನ್ನೆ ಮಧ್ಯಾಹ್ನ ಬಂದ ಒಂದು ಕೆಂಪು ಸಾಲು. ಕಳಿಸಿದವರು ದೊಡ್ಡ ಸಿಸ್ಟರ್. ನಾಲ್ಕು ಮಹಡಿಯ ದಾದಿಯರೆಲ್ಲ ಅವರ ಚಪ್ಪಲಿಯ ಸಪ್ಪಳ ಕೇಳಿದರೇ ನೆಟ್ಟಗೆ ನಿಲ್ಲುತ್ತಿದ್ದರು. ಶಸ್ತ್ರಚಿಕಿತ್ಸೆಯ ದೊಡ್ಡ ಡಾಕ್ಟರು ಕೂಡ ಅವರ ಮುಂದೆ ಕೈ ತೊಳೆಯುವಾಗ ಎರಡು ಸಲ ತೊಳೆಯುತ್ತಾರೆಂದು ಪ್ರತೀತಿ. ಊರಿನ ಇನ್ನೊಂದು ಮೂಲೆಯ ಆಸ್ಪತ್ರೆಯ ತಜ್ಞರಿಗೆ ಯಾರದೋ ಸ್ಕ್ಯಾನ್ ವರದಿ ಕಳಿಸುತ್ತಿದ್ದರು. ರೋಗಿಯ ದಾಖಲೆ ಹೊರಗೆ ಹೋಗುತ್ತಿದೆ ಎಂದು ಯಂತ್ರ ಬೊಬ್ಬೆ ಹೊಡೆದಿತ್ತು. ಅವನು ತೆರೆದ. ಹೆಸರು, ವಯಸ್ಸು ನೋಡಿ ಅದು ಅವರದ್ದೇ ವರದಿ ಎಂದು ತಿಳಿಯಿತು. ಅಲ್ಲಿಗೆ ಅವನ ಕೆಲಸ ಮುಗಿದಿತ್ತು: ಸ್ವಂತ ದಾಖಲೆ, ಅಪಾಯವಿಲ್ಲ, ಬಿಡಬಹುದು. ಗುಂಡಿ ಒತ್ತುವುದಕ್ಕೆ ಎರಡು ಕ್ಷಣ ಸಾಕಿತ್ತು. ಆದರೆ ಕಣ್ಣು ಅಷ್ಟರಲ್ಲೇ ಕೆಳಗಿಳಿದು ಪತ್ರವನ್ನು ಓದಿಬಿಟ್ಟಿತ್ತು. ಕುತ್ತಿಗೆಯಲ್ಲಿ ಗಂಟು. ಗುರುವಾರ ಬೆಳಿಗ್ಗೆ ಸೂಜಿ ಚುಚ್ಚಿ ಚೂರು ತೆಗೆದು ಪರೀಕ್ಷೆ ಮಾಡಬೇಕು. ಕೊನೆಗೆ ಒಂದು ಸಾಲು: ಜೊತೆಗೆ ಒಬ್ಬರು ಬರಬೇಕೆಂದು ತಿಳಿಸಿದ್ದೀರಿ, ನನಗೆ ಹಾಗೆ ಬರುವವರು ಯಾರೂ ಇಲ್ಲ, ಒಬ್ಬಳೇ ಬಂದರೆ ನಡೆಯುವುದೇ?

ಅವನು ಪತ್ರವನ್ನು ಬಿಟ್ಟ. ಪತ್ರ ಅವನನ್ನು ಬಿಡಲಿಲ್ಲ.

ಓದುವ ಈ ಚಾಳಿ ಇವತ್ತಿನದಲ್ಲ. ಐದನೇ ತರಗತಿಯಲ್ಲಿ ಮೇಷ್ಟ್ರು ಅವನ ಕೈಯಲ್ಲೊಂದು ಮಡಿಸಿದ ಚೀಟಿ ಕೊಟ್ಟು ಅಪ್ಪನಿಗೆ ತಲುಪಿಸಲು ಹೇಳಿದ್ದರು. ಮೆಟ್ಟಿಲ ತಿರುವಿನಲ್ಲಿ ನಿಂತು ಬಿಚ್ಚಿ ನೋಡಿದ್ದ. ‘ಇವನಿಗೆ ಬೇರೆಯವರ ಕಾಗದ ಓದುವ ಅಭ್ಯಾಸವಿದೆ. ಈ ಚೀಟಿಯನ್ನು ಬೇಕೆಂದೇ ಅಂಟಿಸಿಲ್ಲ. ದಾರಿಯಲ್ಲಿ ಓದಿದನೇ ಎಂದು ಕೇಳಿ, ಮುಖ ನೋಡಿ.’ ಮತ್ತೆ ಅದೇ ಗೆರೆಯಲ್ಲಿ ಮಡಿಸಲು ಎಷ್ಟು ಹೆಣಗಿದರೂ ಚೀಟಿ ಹೊಸ ಗೆರೆಗಳನ್ನೇ ತೋರಿಸಿತ್ತು. ಅಪ್ಪ ಕೇಳುವ ಮೊದಲೇ ಅವನ ಮುಖ ಎಲ್ಲವನ್ನೂ ಹೇಳಿತ್ತು, ಅಪ್ಪ ಬೈಯಬೇಕೋ ನಗಬೇಕೋ ತಿಳಿಯದೆ ಹೊರಗೆ ಹೋಗಿ ನಕ್ಕು ಒಳಗೆ ಬಂದು ಬೈದಿದ್ದರು. ಅಂಥವನಿಗೆ ನಲವತ್ತೈದರಲ್ಲಿ ಓದುವುದನ್ನೇ ಕೆಲಸವಾಗಿ ಕೊಟ್ಟು, ಅದಕ್ಕೊಂದು ಕೋಣೆ, ಕುರ್ಚಿ, ಗುರುತಿನ ಚೀಟಿ ಕೊಟ್ಟಾಗ, ಇದು ಶಿಕ್ಷೆಯೋ ಬಹುಮಾನವೋ ಎಂದು ಅವನಿಗೆ ಬಹಳ ದಿನ ಅನುಮಾನವಿತ್ತು. ಶಿಕ್ಷೆಯ ಭಾಗ ಊಟದ ಕೋಣೆಯಲ್ಲಿ ಸಿಗುತ್ತಿತ್ತು. ಅವನು ಡಬ್ಬಿ ಹಿಡಿದು ಒಳಗೆ ಬಂದ ಕೂಡಲೇ ಮೇಜಿನ ಮಾತು ಹವೆಯ ಕಡೆಗೆ ಹೊರಳುತ್ತಿತ್ತು. ಏಳು ವರ್ಷದಲ್ಲಿ ಅವನು ಹವೆಯ ಬಗ್ಗೆ ಕೇಳಿದಷ್ಟು ಹವಾಮಾನ ಇಲಾಖೆಯವರೂ ಕೇಳಿರಲಾರರು. ಹಿಂದಿನಿಂದ ತನ್ನನ್ನು ‘ಜರಡಿ’ ಎನ್ನುತ್ತಾರೆಂಬುದೂ ಅವನಿಗೆ ಗೊತ್ತಿತ್ತು. ಅದನ್ನೂ ಯಾರದೋ ಇಮೇಲಿನಲ್ಲೇ ಓದಿದ್ದು.

ಹೀಗೆ ದಿನವಿಡೀ ಬಾಯಿ ಮುಚ್ಚಿಕೊಂಡಿದ್ದವನು ರಾತ್ರಿಯ ಊಟಕ್ಕೆ ಕೂತಾಗ ಅಕ್ಕನ ಮುಂದೆ ಬಿಚ್ಚಿಕೊಳ್ಳುತ್ತಿದ್ದ. ಅವನಿಗಿಂತ ಹನ್ನೊಂದು ವರ್ಷ ದೊಡ್ಡವಳಾದ ಅಕ್ಕ, ಮದುವೆಯ ಗೊಡವೆಗೆ ಹೋಗದೆ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನು ಹಾಕಿಕೊಂಡು ದುಡಿದು ನಿವೃತ್ತಳಾದವಳು. ಅವನು ಯಾರ ಹೆಸರನ್ನೂ ಹೇಳುತ್ತಿರಲಿಲ್ಲ. ಅದು ಅವನ ನಿಯಮ. ‘ಒಬ್ಬರು’ ಎನ್ನುತ್ತಿದ್ದ. ಒಬ್ಬರು ಪ್ರೇಮದ ಕವಿತೆ ಬರೆದು ಕಳಿಸಿದ್ದನ್ನು, ಅದರ ತುಂಬ ಎದೆ, ನೋವು, ಉಸಿರು, ಜ್ವರ, ನಿದ್ದೆಗೇಡು ಎಂದೇ ಇದ್ದುದರಿಂದ ಯಂತ್ರ ಅದನ್ನು ನೂರಕ್ಕೆ ಎಂಬತ್ತೇಳು ಪಾಲು ರೋಗಿಯ ದಾಖಲೆ ಎಂದು ಹಿಡಿದು ನಿಲ್ಲಿಸಿದ್ದನ್ನು ಹೇಳಿದಾಗ ಅಕ್ಕ ನಕ್ಕು ನಕ್ಕು ನೀರು ನೆತ್ತಿಗೇರಿಸಿಕೊಂಡಿದ್ದಳು. ಆ ನಗು ಕೇಳುವುದಕ್ಕೆಂದೇ ಅವನು ಹಗಲೆಲ್ಲ ಕಥೆಗಳನ್ನು ಕೂಡಿಡುತ್ತಿದ್ದನೋ ಏನೋ. ನಿನ್ನೆ ಹೇಳಿದ್ದು ಮಾತ್ರ ನಗುವಿನದ್ದಾಗಿರಲಿಲ್ಲ. ಒಬ್ಬರಿಗೆ ಕುತ್ತಿಗೆಯಲ್ಲಿ ಗಂಟು, ಗುರುವಾರದ ಪರೀಕ್ಷೆಗೆ ಜೊತೆಗೆ ಹೋಗುವವರಿಲ್ಲ, ನಾಲ್ಕು ಮಹಡಿ ನಡುಗಿಸುವವರು ನೋಡು, ಅಂಥವರಿಗೆ ಹೀಗೆ ಎಂದ. ಅಕ್ಕ ತುತ್ತು ಕೈಯಲ್ಲೇ ಹಿಡಿದು ಅವನನ್ನು ನೋಡಿದಳು. ನಾಲ್ಕು ಮಹಡಿ ಎಂದಿದ್ದು ಹೆಚ್ಚಾಯಿತೆಂದು ಅವನಿಗೆ ಹೊಳೆದದ್ದು ಹಾಸಿಗೆಯ ಮೇಲೆ ಉರುಳಿದ ಮೇಲೆ.

ಹನ್ನೊಂದಾಯಿತು, ಹನ್ನೊಂದೂವರೆಯಾಯಿತು. ಅವನು ಇನ್ನೂ ಅರವತ್ತು ಹೊದಿಕೆಗಳನ್ನು ಕಳಿಸಿದ. ಹನ್ನೆರಡಕ್ಕೆ ಐದು ನಿಮಿಷವಿದ್ದಾಗ ಮೆಟ್ಟಿಲಿನ ಮೇಲೆ ಚಪ್ಪಲಿಯ ಸಪ್ಪಳ ಕೇಳಿಸಿತು. ನೆಲಮಾಳಿಗೆಗೆ ಅವರು ಹಿಂದೆಂದೂ ಬಂದವರಲ್ಲ.

ದೊಡ್ಡ ಸಿಸ್ಟರ್ ಬಾಗಿಲು ಮುಚ್ಚಿದರು, ಕೂರಲಿಲ್ಲ. ಕುತ್ತಿಗೆಯ ಗುಂಡಿಯನ್ನು ಮೇಲಿನವರೆಗೂ ಹಾಕಿಕೊಂಡಿದ್ದರು. ಅವನ ಕಣ್ಣು ಅಲ್ಲಿಗೆ ಹೋಯಿತು. ಹೋದದ್ದನ್ನು ಅವರು ನೋಡಿದರು. ನೋಡಿದ್ದು ಅವನಿಗೆ ತಿಳಿಯಿತು.

“ನನ್ನ ಪತ್ರ ಓದಿದ್ರಿ,” ಎಂದರು.

ಯಂತ್ರ ತಡೆದಿತ್ತು, ತೆರೆದು ನೋಡಲೇಬೇಕಿತ್ತು ಎಂದು ಅವನು ತೊದಲಿದ.

“ಓದೋದು ನಿಮ್ಮ ಕೆಲಸ. ಅದಕ್ಕೆ ನಾನು ಬಂದಿಲ್ಲ. ನಿಮ್ಮ ಅಕ್ಕನಿಗೆ ಹೇಳೋದು ಯಾರ ಕೆಲಸ?”

ಹೆಸರು ಹೇಳಿರಲಿಲ್ಲ ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದು, ಅದು ಎಂಥ ಹುಡುಗಾಟಿಕೆಯ ಮಾತೆಂದು ಅನಿಸಿ, ಹಿಂದಕ್ಕೆ ಹೋಯಿತು. ಮೂವತ್ತು ವರ್ಷ ಜನರ ಹಾಸಿಗೆಯ ಪಕ್ಕದಲ್ಲಿ ನಿಂತಿದ್ದೇನೆ, ಜನ ಜ್ವರದಲ್ಲಿ ಏನೇನೋ ಬಡಬಡಿಸುತ್ತಾರೆ, ಅದರಲ್ಲಿ ಒಂದು ಮಾತನ್ನೂ ಮನೆಗೆ ಹೊತ್ತುಕೊಂಡು ಹೋದವಳಲ್ಲ ಎಂದು ಅವರು ಹೇಳಿದರು. ದನಿ ಏರಿಸಲಿಲ್ಲ. ಏರಿಸಿದ್ದರೆ ಅವನಿಗೆ ಸಲೀಸಾಗುತ್ತಿತ್ತು. ಆಮೇಲೆ ನಡೆದದ್ದನ್ನು ತಿಳಿಸಿದರು. ಎರಡನೇ ಮಹಡಿಯ ಮೊಗಸಾಲೆಯಲ್ಲಿ ಅಪರಿಚಿತ ಹೆಂಗಸೊಬ್ಬಳು ಊರುಗೋಲು ಊರಿಕೊಂಡು ಬಂದು, ದಾದಿಯರು ನೆಟ್ಟಗೆ ನಿಂತದ್ದನ್ನೂ ಅವರ ಕೊರಳಪಟ್ಟಿಯನ್ನೂ ನೋಡಿ, ಕೈ ಹಿಡಿದುಕೊಂಡು, ನೆಲಮಾಳಿಗೆಯಲ್ಲಿ ಕೆಲಸ ಮಾಡುವವನ ಅಕ್ಕ ನಾನು, ಗುರುವಾರ ಜೊತೆಗೆ ಬರುತ್ತೇನೆ ಎಂದಳಂತೆ. ಕೈ ಬಿಡಿಸಿಕೊಳ್ಳಲು ನೋಡಿದರೆ ಹಿಡಿತ ಬಲವಾಗಿತ್ತಂತೆ.

“ನಾನು ಬೇಡ ಅಂದೆ. ಅವರು ಎಂಟು ಗಂಟೆಗೆ ಗೇಟಿನ ಹತ್ರ ನಿಂತಿರ್ತೀನಿ ಅಂದ್ರು. ಮತ್ತೆ ಬೇಡ ಅಂದೆ. ಎಂಟಕ್ಕೆ ಐದು ನಿಮಿಷ ಮುಂಚೇನೇ ಬರ್ತೀನಿ ಅಂದ್ರು. ಅವರಿಗೆ ಕಿವಿ ಕೇಳಿಸುತ್ತಾ?”

“ಚೆನ್ನಾಗೇ ಕೇಳಿಸುತ್ತೆ, ಸಿಸ್ಟರ್.”

“ಹಾಗೇ ಅಂದ್ಕೊಂಡೆ.” ಅವರ ತುಟಿಯ ಒಂದು ಮೂಲೆ ಅಲುಗಿದಂತಾಯಿತು, ಅಥವಾ ಅವನಿಗೆ ಹಾಗೆ ಬೇಕಾಗಿತ್ತು. ಅವರು ಬಾಗಿಲು ತೆರೆದು ಹೊರಟರು. ಸಪ್ಪಳ ಮೆಟ್ಟಿಲು ಹತ್ತಿ, ಮೊದಲ ಮಹಡಿ ದಾಟಿ, ಮೇಲೆಲ್ಲೋ ಕರಗುವವರೆಗೂ ಅವನು ನಿಂತೇ ಇದ್ದ. ಬೆನ್ನು ತಾನಾಗಿ ನೆಟ್ಟಗಾಗಿತ್ತು.

ಸೋರಿಕೆಯಾದಾಗ ತುಂಬಬೇಕಾದ ಒಂದು ನಮೂನೆಯಿದೆ. ಅದನ್ನು ಅವನೇ ಮಾಡಿದ್ದ, ಆರು ವರ್ಷದ ಹಿಂದೆ, ಬಹಳ ಹೆಮ್ಮೆಯಿಂದ. ಊಟಕ್ಕೆ ಹೋಗದೆ ಅದನ್ನು ತೆರೆದು ಕೂತ. ಸೋರಿದ ಮಾಹಿತಿ ಯಾವ ಬಗೆಯದು: ಆರೋಗ್ಯ. ಸೋರಿಸಿದವರು: ತನ್ನ ಹೆಸರು ಬರೆದ, ಅಕ್ಷರಗಳು ಬೇರೆ ಯಾರವೋ ಎನ್ನುವಂತೆ ಕಂಡವು. ಸೋರಿದ ಮಾರ್ಗ: ಇಮೇಲ್, ಪೆನ್ ಡ್ರೈವ್, ಮುದ್ರಿತ ಕಾಗದ, ಫೋಟೋ, ಇತರೆ. ‘ಇತರೆ’ ಎಂಬುದನ್ನು ಆರು ವರ್ಷದಲ್ಲಿ ಯಾರೂ ಒತ್ತಿದ್ದು ಅವನು ಕಂಡಿರಲಿಲ್ಲ. ಒತ್ತಿದ. ವಿವರಿಸಿ ಎಂದಿತು. ‘ಬಾಯಿ. ಊಟದ ಹೊತ್ತು’ ಎಂದು ಬರೆದ. ಯಾರ ಮಾಹಿತಿ ಎಂಬ ಜಾಗಕ್ಕೆ ಬಂದಾಗ ಬೆರಳು ನಿಂತಿತು. ಅಲ್ಲಿ ಹೆಸರು ಬರೆದರೆ ಆ ನಮೂನೆ ಇನ್ನು ಐದು ಮೇಜು ಸುತ್ತುತ್ತದೆ. ಸೋರಿಕೆಯನ್ನು ವರದಿ ಮಾಡಲು ಇನ್ನೊಮ್ಮೆ ಸೋರಿಸಬೇಕಾದಂಥ ನಮೂನೆಯನ್ನು ಇಷ್ಟು ವರ್ಷ ತಾನೇ ಊರಿಗೆಲ್ಲ ಹಂಚಿದೆನಲ್ಲ ಎಂದು ಅವನಿಗೆ ಒಬ್ಬನೇ ಕೂತಲ್ಲಿ ನಗು ಬಂತು. ‘ಒಬ್ಬ ಉದ್ಯೋಗಿ’ ಎಂದಷ್ಟೇ ಬರೆದು ಕಳಿಸಿದ.

ವಿಭಾಗದ ಮುಖ್ಯಸ್ಥೆ ಅವನಿಗಿಂತ ಹದಿನೈದು ವರ್ಷ ಚಿಕ್ಕವಳು. ಕರೆಸಿ, ಕಾಗದವನ್ನು ಎರಡು ಸಲ ಓದಿದಳು. ಯಾರು ಆ ಉದ್ಯೋಗಿ ಎಂದು ಕೇಳಿದಳು.

“ಹೇಳೋಕಾಗಲ್ಲ, ಮೇಡಂ.”

“ಹೆಸರು ಹಾಕಲೇಬೇಕು ಅಂತ ನಿಯಮ ಇದೆಯಲ್ಲ, ಸರ್.”

“ನಾನೇ ಬರೆದದ್ದು. ತಪ್ಪಾಗಿ ಬರೆದಿದ್ದೆ.”

ದಾಖಲೆ ತೆಗೆಸಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆಂದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಅವಳು ಲೇಖನಿಯನ್ನು ಮೇಜಿನ ಮೇಲೆ ಸ್ವಲ್ಪ ಹೊತ್ತು ಉರುಳಿಸಿದಳು, ಆದರೆ ದಾಖಲೆ ತೆಗೆಸಲಿಲ್ಲ. ಅವನ ಕಡತಕ್ಕೆ ಒಂದು ಎಚ್ಚರಿಕೆ ಪತ್ರ ಸೇರಿತು. ಮೂರು ತಿಂಗಳು ಯಾವ ಪತ್ರವನ್ನೂ ಅವನೊಬ್ಬನೇ ತೆರೆಯುವಂತಿಲ್ಲ. ಕಾರಣ ಬರೆದು ಅವಳ ಒಪ್ಪಿಗೆ ಪಡೆದರೆ ಮಾತ್ರ ಪರದೆಯ ಮುಸುಕು ಸರಿಯುತ್ತದೆ. ಉದ್ಯೋಗಿಗಳ ಸ್ವಂತ ವರದಿಗಳನ್ನು ಯಾರೂ ಓದಬೇಕಾಗದಂತೆ ಹೊಸ ನಿಯಮವೊಂದನ್ನು ಅವನೇ ಬರೆದುಕೊಡಬೇಕು. ಇದಲ್ಲದೆ, ಶುಕ್ರವಾರ ಹೊಸಬರ ತರಬೇತಿಯಲ್ಲಿ ಕೂತು ಬರಬೇಕು. ಅಲ್ಲಿ ತೋರಿಸುವ ಚಿತ್ರಗಳೆಲ್ಲ ತಾನೇ ಮಾಡಿದವು ಎಂದು ಅವನು ಹೇಳಿದ. ಒಳ್ಳೆಯದೇ ಆಯಿತು, ಈ ಸಲ ಗಮನವಿಟ್ಟು ನೋಡಿ ಎಂದು ಅವಳು ನಗದೆ ಹೇಳಿದಳು.

ಸಂಜೆ ಮನೆಯ ಮೆಟ್ಟಿಲು ಹತ್ತುವಾಗ ಆಡಬೇಕಾದ ಮಾತುಗಳನ್ನೆಲ್ಲ ಜೋಡಿಸಿಕೊಂಡಿದ್ದ. ಅಕ್ಕ ಬಾಗಿಲು ತೆರೆದು ಅವನ ಮುಖ ನೋಡಿ, ಮೊದಲು ಕೈಕಾಲು ತೊಳೆದು ಬಾ ಎಂದಳು. ತೊಳೆದು ಬರುವಷ್ಟರಲ್ಲಿ ಜೋಡಣೆ ಕಲಸಿಹೋಗಿತ್ತು. ನಿನ್ನಿಂದ ನನ್ನ ಮಾನ ಹೋಯಿತು ಎಂದುಬಿಟ್ಟ. ಅಕ್ಕನಿಗೆ ನಿಜವಾಗಿಯೂ ಆಶ್ಚರ್ಯವಾಯಿತು.

“ನಾನು ಯಾರಿಗೆ ಹೇಳಿದೆ? ಅವರ ವಿಷಯ ಅವರಿಗೇ ತಾನೇ ಹೇಳಿದ್ದು? ಅದು ಸೋರಿಕೆ ಹೇಗಾಗುತ್ತೋ?”

ಏಳು ವರ್ಷದ ತರಬೇತಿಯಲ್ಲಿ ಈ ಪ್ರಶ್ನೆಗೊಂದು ಚಿತ್ರವಿರಲಿಲ್ಲ. ಅಕ್ಕ ಅಷ್ಟಕ್ಕೇ ಬಿಡಲಿಲ್ಲ. ಎಕ್ಸ್‌ಚೇಂಜಿನಲ್ಲಿದ್ದಾಗ ಊರಿನ ಅರ್ಧ ಮನೆಗಳ ಜಗಳ ತನ್ನ ಕಿವಿಯೊಳಗೆ ನಡೆಯುತ್ತಿತ್ತು, ಯಾರ ಮನೆಯ ಸಂಬಂಧ ಮುರಿಯಿತು, ಯಾರ ಮಗ ಹೇಳದೆ ಕೇಳದೆ ಹೋದ ಎಲ್ಲ ಗೊತ್ತಿತ್ತು, ಒಂದು ದಿನವಾದರೂ ಈ ಮನೆಯಲ್ಲಿ ಅದರ ಚಕಾರವೆತ್ತಿದ್ದೆನೇ ಎಂದು ಕೇಳಿದಳು. ಎತ್ತಿರಲಿಲ್ಲ. ಅವಳ ಆ ವರ್ಷಗಳ ಬಗ್ಗೆ ತನಗೆ ಗೊತ್ತಿದ್ದುದೆಂದರೆ ಹೆಡ್‌ಫೋನು ಒತ್ತಿ ಕಿವಿ ಕೆಂಪಾಗುತ್ತಿತ್ತೆನ್ನುವುದು ಮಾತ್ರ ಎಂದು ಅವನಿಗೆ ಮೊದಲ ಸಲ ಅರಿವಾಯಿತು. ಅವನು ಊಟಕ್ಕೆ ಕೂತು ಹರಟುವಾಗ ಅವಳು ಬರೀ ನಗುತ್ತಿದ್ದುದಲ್ಲ, ಅವಳೊಬ್ಬಳೇ ಕೇಳಿಸಿಕೊಳ್ಳುತ್ತಲೂ ಇದ್ದಳು. ಹಾಗಾದರೆ ನನಗೆ ಯಾಕೆ ಒಂದು ಸಲವೂ ಹೇಳಬೇಡ ಎನ್ನಲಿಲ್ಲ ಎಂದು ಕೇಳಿದ. ಅಕ್ಕ ತಟ್ಟೆಗಳನ್ನು ಒರೆಸಿಡುತ್ತ, ನೀನು ಮಾತಾಡ್ತಿದ್ದೆಯಲ್ಲ, ಅದಕ್ಕೇ ಎಂದಳು.

ಗುರುವಾರ ಅವಳು ಏಳು ಗಂಟೆಗೇ ಹೊರಟಳು. ಬೇಡವೆಂದವರ ಹಿಂದೆ ಬೀಳಬೇಡ ಎಂದು ಅವನು ಬಾಗಿಲವರೆಗೂ ಹೇಳಿದ. ಗೇಟಿನ ಹತ್ತಿರ ನಿಲ್ಲುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ, ಅವರು ಕರೆದರೆ ಹೋಗುತ್ತೇನೆ, ಇಲ್ಲವಾದರೆ ಮಂಡಿಗೆ ಒಳ್ಳೆಯ ನಡಿಗೆಯಾಯಿತು ಎಂದಳು. ಮಧ್ಯಾಹ್ನ ಎರಡಾದರೂ ಮನೆಯ ಫೋನು ಎತ್ತುವವರಿಲ್ಲದಿದ್ದಾಗ ಅವರು ಕರೆದಿರಬೇಕೆಂದು ಊಹಿಸಿದ. ಮರುದಿನ ಹೊಸಬರ ತರಬೇತಿಯ ಹಿಂದಿನ ಸಾಲಿನಲ್ಲಿ, ಮೊದಲ ದಿನದ ಗರಿಗರಿ ಬಟ್ಟೆ ತೊಟ್ಟ ಇಬ್ಬರು ಫಾರ್ಮಸಿಯವರ ನಡುವೆ ಕೂತು, ತನ್ನವೇ ಚಿತ್ರಗಳನ್ನು ನೋಡಿದ. ‘ಓದಿದ್ದು ಇಲ್ಲೇ ಉಳಿಯಲಿ’ ಎಂದು ದಪ್ಪಕ್ಷರದಲ್ಲಿ ಬರೆದು ಕೆಳಗೊಂದು ಬೀಗದ ಚಿತ್ರ ಹಾಕಿದ್ದ. ಬೀಗ ಸ್ವಲ್ಪ ವಾರೆಯಾಗಿತ್ತು. ಪಕ್ಕದವಳು ಅವನ ನರೆಗೂದಲನ್ನು ನೋಡಿ, ಈ ವಯಸ್ಸಿನಲ್ಲಿ ಹೊಸ ಕೆಲಸಕ್ಕೆ ಸೇರಿದ್ದೀರಲ್ಲ, ಖುಷಿಯಾಗುತ್ತೆ ಎಂದಳು. ಅವನು ತನಗೂ ಖುಷಿಯೇ ಎಂದ. ಹೇಳಿದ ಮೇಲೆ ಅದು ಸುಳ್ಳಲ್ಲವೆನಿಸಿತು. ಕೊನೆಯ ಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಹತ್ತೊಂಬತ್ತು ಬಂತು. ತಪ್ಪಾದ ಒಂದು ಪ್ರಶ್ನೆಯನ್ನು ಬರೆದವನೂ ಅವನೇ.

ಮುಂದಿನ ಮಂಗಳವಾರ ವರದಿ ಬರುವ ದಿನ. ಆವತ್ತೂ ದೊಡ್ಡ ಸಿಸ್ಟರ್ ಜೊತೆಗೆ ಅಕ್ಕನೇ ಹೋದಳು. ಸಂಜೆ ಬಂದು ಎಂದಿನಂತೆ ತರಕಾರಿ ಹೆಚ್ಚತೊಡಗಿದಳು. ಅವನು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತ. ಕೇಳಬಾರದೆಂದು ನಿರ್ಧರಿಸಿದ್ದ, ಆದರೆ ಕೇಳದೆಯೂ ತಿಳಿದುಕೊಳ್ಳುವ ದಾರಿಗಳಿವೆ ಎಂದು ಏಳು ವರ್ಷದ ಕೆಲಸ ಅವನಿಗೆ ಕಲಿಸಿತ್ತು. ಚಾಕು ಬೇಗ ಆಡುತ್ತಿದೆಯೇ, ನಿಧಾನವೇ? ಎಂದಿಗಿಂತ ಸಣ್ಣಗೆ ಹೆಚ್ಚುತ್ತಿದ್ದಾಳಲ್ಲ, ಅದು ಸಮಾಧಾನದ ಲಕ್ಷಣವೋ ಸಂಕಟದ್ದೋ? ಅವಳು ಒಂದು ಹಾಡಿನ ಮೊದಲ ಸಾಲನ್ನು ಗುನುಗಿದಳು. ಅವನ ಎದೆ ಹಗುರಾಯಿತು. ಎರಡನೇ ಸಾಲಿಗೆ ನಿಲ್ಲಿಸಿದಳು. ಮತ್ತೆ ಭಾರವಾಯಿತು. ಊಟಕ್ಕೆ ಕೂತಾಗ ತಡೆಯಲಾರದೆ, ಹೇಗಿದ್ದಾರೆ ಅವರು ಎಂದು ಗೋಡೆ ನೋಡುತ್ತ ಕೇಳಿಯೇಬಿಟ್ಟ. ಯಾರು ಎಂದಳು ಅಕ್ಕ. ಅವಳ ಮುಖ ಮಡಿಸಿ ಅಂಟಿಸಿದ ಲಕೋಟೆಯಂತಿತ್ತು. ಬುಧವಾರವೂ ಹಾಗೆಯೇ ಕಳೆಯಿತು. ಒಳ್ಳೆಯ ಸುದ್ದಿಯಾಗಿದ್ದರೆ ಇಷ್ಟು ಹೊತ್ತಿಗೆ ಹೇಳುತ್ತಿದ್ದಳು ಎಂದು ಒಮ್ಮೆ, ಕೆಟ್ಟ ಸುದ್ದಿಯಾಗಿದ್ದರೆ ಅವಳಿಗೆ ಊಟ ಸೇರುತ್ತಿತ್ತೇ ಎಂದು ಒಮ್ಮೆ ಅನಿಸಿ, ಹಾಸಿಗೆಯಲ್ಲಿ ಮಗ್ಗುಲು ಬದಲಾಯಿಸಿದ.

ಗುರುವಾರ ಹತ್ತು ಗಂಟೆಗೆ ಪರದೆಯ ಮೇಲೊಂದು ಕೆಂಪು ಸಾಲು ಬಂತು. ದಾದಿಯರ ವಿಭಾಗದಿಂದ, ಹೊರಗೆ. ಉದ್ಯೋಗಿಯ ಸ್ವಂತ ವರದಿ ಇರಬಹುದು. ಉಳಿದದ್ದೆಲ್ಲ ಕಪ್ಪು ಪಟ್ಟಿ. ಅವನೇ ಬರೆದ ಹೊಸ ನಿಯಮ ಮುಸುಕು ಹಾಕಿತ್ತು, ಬಹಳ ಚೆನ್ನಾಗಿಯೇ ಹಾಕಿತ್ತು. ಕೆಳಗೆ ಒಂದು ಚಿಕ್ಕ ಚೌಕ: ತೆರೆಯಲು ಕಾರಣ ಬರೆಯಿರಿ. ಬರೆದರೆ ಮುಖ್ಯಸ್ಥೆ ಒಪ್ಪುತ್ತಾಳೆ, ಅನುಮಾನವಿಲ್ಲ. ಕಪ್ಪು ಪಟ್ಟಿಯ ಉದ್ದ ನೋಡಿದ. ಉದ್ದದ ಪತ್ರವೆಂದರೆ ಏನರ್ಥ, ಕೆಟ್ಟದ್ದಕ್ಕೆ ಹೆಚ್ಚು ಮಾತು ಬೇಕೇ, ಒಳ್ಳೆಯದಕ್ಕೆ ಬೇಕೇ? ಬೆರಳುಗಳು ಚೌಕದಲ್ಲಿ ‘ಖಚಿತಪಡಿಸಿಕೊಳ್ಳುವ ಸಲುವಾಗಿ’ ಎಂದು ಬರೆದವು. ಆ ಪದಗಳನ್ನು ನೋಡುತ್ತ ಕೂತ. ಅಪ್ಪ ಹೊರಗೆ ಹೋಗಿ ನಕ್ಕದ್ದು ನೆನಪಾಯಿತು. ಒಂದೊಂದೇ ಅಕ್ಷರ ಅಳಿಸಿ, ‘ತೆರೆಯದೆ ಬಿಡಬಹುದು’ ಎಂಬುದನ್ನು ಒತ್ತಿದ. ಸಾಲು ಹಸಿರಾಗಿ ಮಾಯವಾಯಿತು. ಇನ್ನು ಆ ಕುರ್ಚಿಯಲ್ಲಿ ಕೂರಲಾರೆನೆನಿಸಿ ಎದ್ದು, ಕೆಲಸವಿಲ್ಲದಿದ್ದರೂ ಮೆಟ್ಟಿಲು ಹತ್ತಿ, ಎರಡನೇ ಮಹಡಿಯ ಮೊಗಸಾಲೆಯ ಕಿಟಕಿಯ ಬಳಿ ನಿಂತ. ಬಿಸಿಲು ನೆಲದ ಹಾಸುಗಲ್ಲುಗಳ ಮೇಲೆ ಚೌಕ ಚೌಕವಾಗಿ ಬಿದ್ದಿತ್ತು. ಯಾರೋ ಗಾಲಿಕುರ್ಚಿಯನ್ನು ಆ ಚೌಕಗಳ ಮೇಲೆ ಉರುಳಿಸಿಕೊಂಡು ಹೋದರು.

ಚಪ್ಪಲಿಯ ಸಪ್ಪಳ ಹಿಂದಿನಿಂದ ಬಂದು ಅವನ ಪಕ್ಕದಲ್ಲಿ ನಿಂತಿತು. ಅವನು ತಿರುಗಿದ, ಈ ಸಲ ಕೊರಳಪಟ್ಟಿಯತ್ತ ನೋಡಲಿಲ್ಲ.

“ನಿಮ್ಮ ಅಕ್ಕ ಹೇಳಿದ್ರಾ?” ಎಂದರು ದೊಡ್ಡ ಸಿಸ್ಟರ್.

“ಇಲ್ಲ.”

“ಎರಡು ದಿನ ಆಯ್ತಲ್ಲ.”

“ತುಟಿ ಪಿಟಕ್ ಅಂದಿಲ್ಲ.”

“ಬೆಳಿಗ್ಗೆ ನಾನೊಂದು ಪತ್ರ ಕಳಿಸಿದೆ. ಓದಿರ್ತೀರಿ.”

“ಬಿಟ್ಟೆ,” ಎಂದ. ಆಮೇಲೆ, ಎರಡು ಅರ್ಥ ಬಂದೀತೆಂದು, “ಓದ್ದೇ ಬಿಟ್ಟೆ,” ಎಂದು ಸೇರಿಸಿದ.

ಅವರು ಅವನ ಮುಖವನ್ನು ರೋಗಿಯ ನಾಲಿಗೆ ನೋಡುವಂತೆ ನೋಡಿದರು. ಸುಳ್ಳು ಸಿಗಲಿಲ್ಲವೆಂದು ತೋರುತ್ತದೆ. ಕಿಟಕಿಯ ಹೊರಗೆ ನೋಡುತ್ತ, ಪರೀಕ್ಷೆಯ ದಿನ ಕಾಯುವ ಕೋಣೆಯಲ್ಲಿ ಅಕ್ಕ ಒಂದು ಮಾತೂ ಆಡಲಿಲ್ಲವೆಂದರು. ಸಾಮಾನ್ಯವಾಗಿ ಜೊತೆಗೆ ಬಂದವರು ಧೈರ್ಯ ಹೇಳಿ ಹೇಳಿಯೇ ಜೀವ ತೆಗೆಯುತ್ತಾರೆ, ಮೂವತ್ತು ವರ್ಷ ನೋಡಿದ್ದೇನೆ, ಅವರು ಮಾತ್ರ ಪಕ್ಕದಲ್ಲಿ ಕೂತು ತಮ್ಮ ಮಂಡಿ ನೀವಿಕೊಳ್ಳುತ್ತಿದ್ದರು ಎಂದರು. ಆಮೇಲೆ ಮೇಲಿನ ಗುಂಡಿಯನ್ನು ಬಿಚ್ಚಿ, ಸೆಖೆ ಎನ್ನುವಂತೆ ಕೊರಳಪಟ್ಟಿಯನ್ನು ಸಡಿಲಿಸಿಕೊಂಡರು.

“ಏನೂ ಇಲ್ಲ. ಬರೀ ಗಂಟು. ಅದರ ಪಾಡಿಗೆ ಅದು ಇರುತ್ತಂತೆ, ನನ್ನ ಪಾಡಿಗೆ ನಾನು.”

ಅವನಿಗೆ ನಗು ಬಂತು, ಅದು ಹೊರಡಲು ಹೋಗಿ ಕೆಮ್ಮಿದಂತಾಯಿತು. ಒಣ ಕೆಮ್ಮು, ಬಿಸಿನೀರು ಕುಡಿಯಿರಿ ಎಂದು ಹೇಳಿ ದೊಡ್ಡ ಸಿಸ್ಟರ್ ಹೊರಟೇಹೋದರು. ಅತ್ತ ಕಡೆಯಿಂದ ಬರುತ್ತಿದ್ದ ಇಬ್ಬರು ದಾದಿಯರು ನೆಟ್ಟಗೆ ನಿಂತರು.

ಆವತ್ತು ಸಂಜೆ ಅಕ್ಕ ಬಡಿಸುತ್ತಿದ್ದಳು, ಅವನು ತಿನ್ನುತ್ತಿದ್ದ. ಎರಡು ಸಲ ಬಡಿಸಿಕೊಂಡ. ಆಸ್ಪತ್ರೆಯ ಊಟದ ಕೋಣೆಯಲ್ಲಿ ಇವತ್ತು ಎಕ್ಸ್‌ರೇ ವಿಭಾಗದವನು ತನ್ನ ಪಕ್ಕದಲ್ಲೇ ಕೂತು ಹೊಸ ಕವಿತೆಯೊಂದರ ಕಾಗದ ತೋರಿಸಿದ್ದು, ಇದನ್ನು ನಿಮ್ಮ ಯಂತ್ರ ಬಿಡುತ್ತದೆಯೇ ಎಂದು ಕೇಳಿದ್ದು ನೆನಪಾಗಿ ತನ್ನಷ್ಟಕ್ಕೆ ನಕ್ಕ. ಅಕ್ಕ ಸೌಟು ಹಿಡಿದುಕೊಂಡೇ ಅವನನ್ನು ಓರೆಗಣ್ಣಿನಿಂದ ನೋಡಿದಳು. ಅವನು ತಟ್ಟೆ ನೋಡಿದ. ಅವಳು ಎದುರಿಗೆ ಕೂತು, ಎಷ್ಟೋ ವರ್ಷ ತಂತಿಯ ಆ ತುದಿಯ ಉಸಿರನ್ನು ಆಲಿಸಿದ ಕಿವಿಯಿಂದ ಅವನ ಮೌನವನ್ನು ಸ್ವಲ್ಪ ಹೊತ್ತು ಆಲಿಸಿದಳು.

“ನಿಂಗೆ ಗೊತ್ತಾಗಿದೆ,” ಎಂದಳು.

“ಏನು?” ಎಂದ ಅವನು.